ಅಂಜನಾಪುರದ ಕಪ್ಪೆಗಳಿಗೊಂದು ಚೀಟಿ

ಮಳೆಗಾಲದಲ್ಲಿ ಅಂಜನಾಪುರಕ್ಕೆ ಜನ ಬರುವುದು ಕೋಡಿ ನೋಡಲು. ಜಲಾಶಯ ತುಂಬಿತೆಂದು ಸುದ್ದಿ ಹರಡಿದರೆ ಸಾಕು, ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಡೆಯಿಂದ ಬೈಕುಗಳು ಸಾಲು ಹಿಡಿಯುತ್ತವೆ. ಸುಟ್ಟ ಮೆಕ್ಕೆಜೋಳ, ಕೊಡೆ, ಫೋಟೊ, ಮಕ್ಕಳ ಕೇಕೆ. ಕತ್ತಲಾಗುತ್ತಿದ್ದಂತೆ ಎಲ್ಲರೂ ಹೊರಟುಬಿಡುತ್ತಾರೆ. ಈ ಜಾಗದ ದೊಡ್ಡ ಗದ್ದಲ ಎದ್ದೇಳುವುದೇ ಆಮೇಲೆ. ಜನ ಇಳಿಯುವ ಹೊತ್ತಿಗೆ ನಾನು ಏರಿ ಹತ್ತಿದೆ, ಕಪ್ಪೆಗಳನ್ನು ಕೇಳಲೆಂದು. ಕೈಯಲ್ಲಿ ಟಾರ್ಚು, ಕಾಲಿಗೆ ಗಂಬೂಟು, ಜೇಬಿನಲ್ಲಿ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ.

ಕಟ್ಟೆಯ ಹಿಂದೆ ನಿಂತಿರುವುದು ಕುಮುದ್ವತಿಯ ನೀರು. ಹೊಸನಗರ ತಾಲ್ಲೂಕಿನ ಹುಂಚದ ಬಳಿಯ ಬಿಲ್ಲೇಶ್ವರದಲ್ಲಿ ಹುಟ್ಟಿ, ಚೋರಡಿಯನ್ನು ಹಾದು ಇಲ್ಲಿಗೆ ಬರುತ್ತದೆ. ಇಲ್ಲಿಂದ ಮುಂದೆ ಮಾಸೂರಿನ ಮದಗದ ಕೆರೆ, ಅದರಾಚೆ ಬಯಲುಸೀಮೆ, ಕೊನೆಗೆ ತುಂಗಭದ್ರೆ. ಹುಟ್ಟಿದಲ್ಲಿ ಮಲೆನಾಡಿನ ಹೊಳೆ, ಸೇರುವಲ್ಲಿ ಎರೆಮಣ್ಣಿನ ಹೊಳೆ. ಅಂಜನಾಪುರ ಇರುವುದು ಈ ಎರಡರ ನಡುವಿನ ಹೊಸ್ತಿಲಲ್ಲಿ. ಪಶ್ಚಿಮಕ್ಕೆ ಸೊರಬದ ಕಾನುಗಳು, ವರದೆ, ದಂಡಾವತಿ, ಗುಡವಿಯ ಪಕ್ಷಿಧಾಮ; ಪೂರ್ವಕ್ಕೆ ಮೆಕ್ಕೆಜೋಳದ ಬಯಲು. ಮಳೆಕಾಡಿನ ಕಪ್ಪೆಗಳ ಬಗ್ಗೆ ನಮ್ಮಲ್ಲಿ ಒಳ್ಳೆಯ ಪುಸ್ತಕಗಳು ಬಂದಿವೆ. ಆಗುಂಬೆ, ಕುದುರೆಮುಖ, ಕೊಡಗು ಎಂದರೆ ಸಂಶೋಧಕರ ಕಿವಿ ನೆಟ್ಟಗಾಗುತ್ತದೆ. ಕೆರೆ, ಗದ್ದೆ, ಅಡಿಕೆ ತೋಟಗಳ ಈ ಅರೆಮಲೆನಾಡನ್ನು ಮಾತ್ರ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ನಾನು ಇಲ್ಲಿಗೆ ಬರಲು ಅದೇ ಕಾರಣ.

ಜೊತೆಗೆ ಇಬ್ಬರಿದ್ದರು. ಒಬ್ಬರು ನಾಲೆಯ ಸೌಡಿ, ತೂಬು ಎತ್ತಿ ಇಳಿಸಿ ಮುದುಕರಾದವರು. ಇನ್ನೊಬ್ಬ ಹತ್ತಿರದ ಊರಿನ ಹುಡುಗ. ಮನೆಗೆ ಹಾವು ಹೊಕ್ಕರೆ ಸುತ್ತಿನ ಹಳ್ಳಿಯವರೆಲ್ಲ ಫೋನು ಮಾಡುವುದು ಅವನಿಗೆ. ಏರಿಯಿಂದ ಇಳಿದು ನಾಲೆಯ ದಂಡೆ ಹಿಡಿದೆವು. ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ನೀರಿನ ಮೇಲೆ ಜೋಡಿ ಜೋಡಿ ಕಣ್ಣು. ಹೆಜ್ಜೆ ಇಟ್ಟರೆ ಮುಳುಗದೆ ನೀರಿನ ಮೈಮೇಲೆಯೇ ಚಿಮ್ಮಿ ಚಿಮ್ಮಿ ಓಡುವ ನೀರುಗಪ್ಪೆಗಳು. ದಂಡೆಯ ಹುಲ್ಲಿನಲ್ಲಿ ಒಂದು ಒಳ್ಳೆಹಾವು ಅವುಗಳಿಗಾಗಿಯೇ ಕಾದಿತ್ತು; ಬೆಳಕು ಬಿದ್ದೊಡನೆ ನಾಲೆಗಿಳಿದು ಎದುರು ದಡ ಸೇರಿತು.

ನಾಲೆ ದಾಟಿ ಗದ್ದೆಗೆ ಇಳಿದೆವು. ಬದುವಿನ ಮೇಲೆ ಕೂತ ಗೋಂಕರುಗಪ್ಪೆ ಕೈಯಗಲಕ್ಕಿಂತ ದೊಡ್ಡದು. ನಮ್ಮ ದೇಶದ ಅತಿ ದೊಡ್ಡ ಕಪ್ಪೆಗಳಲ್ಲಿ ಇದೂ ಒಂದು. ಒಂದು ಕಾಲಕ್ಕೆ ಇದರ ಕಾಲುಗಳು ಟನ್ನುಗಟ್ಟಲೆ ವಿದೇಶಗಳ ಊಟದ ಮೇಜಿಗೆ ಹೋಗುತ್ತಿದ್ದವು. ಗದ್ದೆಯ ಹುಳ ತಿನ್ನುವ ಪ್ರಾಣಿಯನ್ನು ಹೀಗೆ ಖಾಲಿ ಮಾಡಿದರೆ ಬೆಳೆಗೆ ಪೆಟ್ಟು ಎಂಬ ಕೂಗೆದ್ದ ಮೇಲೆ, 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಈಗ ನಾವು ಕಂಡದ್ದು ಕಂದುಹಸಿರಿನ ಸಾಧಾರಣ ಬಣ್ಣ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಗಂಡುಗಳು ಮೈಗೆಲ್ಲ ನಿಂಬೆಹಳದಿ ಬಳಿದುಕೊಂಡು, ಗಂಟಲ ಎರಡೂ ಬದಿಗೆ ಕಡುನೀಲಿ ಚೀಲ ಉಬ್ಬಿಸಿ ಕೂಗುತ್ತವೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅದೇ ಕಪ್ಪೆಯನ್ನು ಸೀಸೆಯಲ್ಲಿಟ್ಟರೆ ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಫಾರ್ಮಲಿನ್ ಮತ್ತು ಆಲ್ಕೋಹಾಲು ಬಣ್ಣವನ್ನು ತಿಂದುಹಾಕುತ್ತವೆ. ಕೆಲವೇ ವರ್ಷದಲ್ಲಿ ಉಳಿಯುವುದು ಬೂದು ಬಣ್ಣದ ಒಂದು ಮೈ. ಅದನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಹುಡುಗ ಕೇಳಿದ. ನಾನು ಅಂಜನಾಪುರಕ್ಕೆ ಹೊತ್ತುಕೊಂಡು ಬಂದದ್ದು ಇದೇ ಪ್ರಶ್ನೆಯನ್ನು.

ಮಾದರಿ ಇಡುವ ಕೆಲಸ ಹೀಗೆ ನಡೆಯುತ್ತದೆ. ಅನುಮತಿ ಪಡೆದ ಸಂಶೋಧಕ ಮೊದಲು ಜೀವಂತ ಕಪ್ಪೆಯ ಫೋಟೊ ತೆಗೆಯುತ್ತಾನೆ, ಕೂಗನ್ನು ಮುದ್ರಿಸಿಕೊಳ್ಳುತ್ತಾನೆ, ಕಣ್ಣಿನ ಬಣ್ಣ, ತೊಡೆಯ ಒಳಬದಿಯ ಚುಕ್ಕೆಗಳನ್ನು ಪುಸ್ತಕದಲ್ಲಿ ಬರೆಯುತ್ತಾನೆ. ನೋವಾಗದಂತೆ ಕೊಂದು, ಡಿಎನ್‌ಎಗಾಗಿ ಚೂರು ಸ್ನಾಯುವನ್ನು ಶುದ್ಧ ಆಲ್ಕೋಹಾಲಿನಲ್ಲಿ ಬೇರೆ ಇಡುತ್ತಾನೆ. ಕೈಕಾಲು, ಬೆರಳು ಬಿಡಿಸಿ ಒಪ್ಪವಾಗಿ ಮಲಗಿಸಿ ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿಸುತ್ತಾನೆ. ಬೆರಳು ಮುದುಡಿಕೊಂಡರೆ ನಡುವಿನ ಜಾಲಪೊರೆಯನ್ನು ಮುಂದೆ ಯಾರೂ ಅಳೆಯಲಾರರು. ಆಮೇಲೆ ತೊಳೆದು ನೂರಕ್ಕೆ 70ರ ಆಲ್ಕೋಹಾಲಿಗೆ ಹಾಕುತ್ತಾನೆ. ಕಾಲಿಗೆ ನೂಲಿನಿಂದ ಒಂದು ಸಂಖ್ಯೆ ಕಟ್ಟುತ್ತಾನೆ. ಆ ಸಂಖ್ಯೆಯ ಎದುರು ದಾಖಲೆ ಪುಸ್ತಕದಲ್ಲಿ ಜಾಗ, ತಾರೀಕು, ಹೊತ್ತು, ಹಿಡಿದವರ ಹೆಸರು, ಗದ್ದೆಯೋ ಕಾನೋ ಕೆರೆದಂಡೆಯೋ, ಎಲ್ಲ ಇರುತ್ತದೆ. ಈ ಚೀಟಿ ಕಿತ್ತುಹೋದರೆ ಒಳಗಿರುವುದು ಬರೀ ಒಂದು ಸತ್ತ ಕಪ್ಪೆ. ಚೀಟಿ ಇದ್ದರೆ ಅದು ಸಾಕ್ಷಿ.

ಎಂಥ ಸಾಕ್ಷಿ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕಾಲಬುಡದಲ್ಲೇ, ಸಸಿಗಳ ನಡುವೆ, ಹೆಬ್ಬೆರಳಿನಷ್ಟಿರುವ ಗದ್ದೆಗಪ್ಪೆಗಳು ಕಿರಗುಡುತ್ತಿದ್ದವು. ನೋಡಲು ಎಲ್ಲವೂ ಒಂದೇ ತರ. ಬೆನ್ನ ಮೇಲೆ ಬಿಳಿಗೆರೆ ಕೆಲವಕ್ಕಿದೆ, ಕೆಲವಕ್ಕಿಲ್ಲ. ಈ ಗುಂಪಿನಲ್ಲಿ ಯಾವುದು ಯಾವ ಜಾತಿ ಎಂದು ಬಿಡಿಸಲು ಡಿಎನ್‌ಎ, ಕೂಗು, ಅಳತೆ ಮೂರೂ ಬೇಕು. ಅದರ ಜೊತೆಗೆ, ಮೊದಲು ಹೆಸರಿಟ್ಟವರು ಯಾವ ಕಪ್ಪೆಯನ್ನು ಮುಂದಿಟ್ಟುಕೊಂಡು ಹೆಸರಿಟ್ಟರೋ ಆ ಮೂಲ ಮಾದರಿಯೂ ಬೇಕು.

ಸಾಗರ ದಾಟಿದರೆ ಜೋಗ. 1922ರಲ್ಲಿ ಸಿ.ಆರ್. ನಾರಾಯಣ ರಾವ್ ಅವರು ಜೋಗದ ಇಂಥದೇ ಒಂದು ಪುಟ್ಟ ಕಪ್ಪೆಯನ್ನು ವರ್ಣಿಸಿ ‘ಮೈಸೂರೆನ್ಸಿಸ್’ ಎಂದು ಹೆಸರಿಟ್ಟರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು ಅವರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಲಂಡನ್ನಿನ ಮ್ಯೂಸಿಯಂನಲ್ಲಿ ಕೂತು ಬೂಲೆಂಜರ್ 1890ರಲ್ಲಿ ಭಾರತದ ಸರೀಸೃಪ, ಕಪ್ಪೆಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದಿದ್ದ. ಇಲ್ಲಿಯ ಕಪ್ಪೆ ಗುರುತಿಸಬೇಕಾದರೆ ಅಲ್ಲಿಯ ಸೀಸೆ ನೋಡಬೇಕಾಗಿದ್ದ ಆ ಕಾಲದಲ್ಲಿ ನಾರಾಯಣ ರಾಯರು ಜೋಗ, ಕೊಟ್ಟಿಗೆಹಾರ, ಕೆಂಪುಹೊಳೆ, ಸಕಲೇಶಪುರ, ಭಾಗಮಂಡಲ ಎಂದು ತಿರುಗಿ ನಮ್ಮ ಕಪ್ಪೆಗಳ ಸಂಗ್ರಹವನ್ನು ನಮ್ಮಲ್ಲೇ ಕಟ್ಟಿದರು. 1937ರ ಒಂದೇ ಬರಹದಲ್ಲಿ ಅವರು ಹೆಸರಿಟ್ಟ ಕಪ್ಪೆಗಳ ಪಟ್ಟಿ ಇಂದಿಗೂ ಸಂಶೋಧಕರನ್ನು ಓಡಾಡಿಸುತ್ತದೆ. ಕನ್ನಡನಾಡಿನ ವಿಜ್ಞಾನಿಗಳ ಸಾಲಿನಲ್ಲಿ ಅವರ ಹೆಸರು ಇನ್ನೂ ಎತ್ತರದಲ್ಲಿ ಕೇಳಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2010ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ‘ರಾವೊರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಇಟ್ಟರು.

ಆದರೆ ರಾಯರು ಕಾಲೇಜಿನ ಸಂಗ್ರಹದಲ್ಲಿಟ್ಟ ಮೂಲ ಮಾದರಿಗಳು ಇಂದು ಇಲ್ಲ. ಕಳೆದುಹೋಗಿವೆ ಎಂದು ನಂತರದ ತಜ್ಞರು ಒಬ್ಬರ ಹಿಂದೆ ಒಬ್ಬರು ದಾಖಲಿಸಿದ್ದಾರೆ. ಜೋಗದ ಆ ಗದ್ದೆಗಪ್ಪೆಯೂ ಅದರಲ್ಲಿ ಸೇರಿದೆ.

ಇದು ಹಳೆಯ ಸೀಸೆಗಳ ಮೇಲಿನ ಮೋಹದ ಮಾತಲ್ಲ. ಹೆಸರಿದ್ದು ಆಧಾರ ಇಲ್ಲದ ಪ್ರಾಣಿಯನ್ನು ಕಾಪಾಡುವುದು ಹೇಗೆ? ರಾಯರ ಕೆಲವು ಕಪ್ಪೆಗಳು ಅಪಾಯದ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಎಂಬ ಖಾನೆಯಲ್ಲೇ ವರ್ಷಗಟ್ಟಲೆ ಕೂತಿವೆ. ಯಾವ ಕಪ್ಪೆ ಎಂಬುದೇ ಗೊತ್ತಿಲ್ಲದ ಮೇಲೆ ಎಷ್ಟಿವೆ, ಎಲ್ಲಿವೆ, ಕಡಿಮೆಯಾಗುತ್ತಿವೆಯೇ ಎಂದು ಎಣಿಸುವುದು ಯಾವುದನ್ನು? ಒಂದು ಸಮಾಧಾನದ ಕಥೆಯೂ ಇದೆ. ರಾಯರು 1920ರಲ್ಲಿ ಭಾಗಮಂಡಲದಿಂದ ವರ್ಣಿಸಿದ ಇರುಳುಗಪ್ಪೆಯೊಂದು ಆಮೇಲೆ ಯಾರ ಕಣ್ಣಿಗೂ ಬೀಳದೆ, 91 ವರ್ಷದ ಬಳಿಕ 2011ರಲ್ಲಿ ಮತ್ತೆ ಸಿಕ್ಕ ಸುದ್ದಿ ಬಂತು. ಅದನ್ನು ಗುರುತಿಸಲು ನೆರವಾದದ್ದು ರಾಯರ ಬರವಣಿಗೆ ಮತ್ತು ಅವರು ಬರೆದಿಟ್ಟ ಜಾಗದ ಹೆಸರು. ಸೀಸೆ ಏನೇ ಆಗಿರಲಿ, ಚೀಟಿಯ ಅರ್ಧ ಕಾಗದದಲ್ಲಿ ಉಳಿದಿತ್ತು.

ಮೂಲ ಮಾದರಿ ಕಳೆದರೆ ಅದೇ ಜಾಗದಿಂದ, ಅಥವಾ ಸಾಧ್ಯವಾದಷ್ಟು ಹತ್ತಿರದಿಂದ, ಹೊಸ ಮಾದರಿ ಆರಿಸಿ ಅದಕ್ಕೆ ಪಟ್ಟ ಕಟ್ಟುವ ದಾರಿ ಪ್ರಾಣಿಶಾಸ್ತ್ರದ ನಿಯಮದಲ್ಲಿದೆ. ನಿಯೋಟೈಪ್ ಎನ್ನುತ್ತಾರೆ. ಆದರೆ ಅದೇ ಜಾಗ ಎಂದರೆ ಯಾವುದು? ರಾಯರು ಕಂಡ 1922ರ ಜೋಗದಲ್ಲಿ ವಿದ್ಯುದಾಗಾರ ಇರಲಿಲ್ಲ, ಹಿರೇಭಾಸ್ಕರ ಅಣೆಕಟ್ಟು ಇರಲಿಲ್ಲ, 1964ರಲ್ಲಿ ಮುಗಿದ ಲಿಂಗನಮಕ್ಕಿಯೂ ಇರಲಿಲ್ಲ. ಶರಾವತಿಯ ಕಣಿವೆಯೇ ಬದಲಾಗಿದೆ. ಹೆಸರು ಜೋಗ, ನೆಲ ಬೇರೆ.

ಈ ಮಾತು ಅಂಜನಾಪುರಕ್ಕೂ ಸಲ್ಲುತ್ತದೆ. ಮೈಸೂರು ಅರಸರ ಕಾಲದಲ್ಲಿ ಈ ಕಟ್ಟೆ ಏಳುವ ಮುಂಚೆ ಇಲ್ಲಿ ಹರಿಯುತ್ತಿದ್ದದ್ದು ಹೊಳೆ. ಹರಿಯುವ ನೀರಿನ ಕಪ್ಪೆಗಳೇ ಬೇರೆ, ನಿಂತ ನೀರಿನವೇ ಬೇರೆ. ಬಂಡೆಗೆ ಬಾಯಿ ಕಚ್ಚಿ ಸೆಳವಿನಲ್ಲಿ ಬದುಕುವ ಗೊದಮೊಟ್ಟೆಗಳಿವೆ. ಕೆರೆಯಲ್ಲಿ ಅವು ಉಳಿಯಲಾರವು. ನಿಂತ ನೀರು ಗೋಂಕರುಗಪ್ಪೆಗೆ, ನೀರುಗಪ್ಪೆಗೆ, ಆಮೆಗೆ ಹಬ್ಬ. ಹೊಳೆ ಕೆರೆಯಾದಾಗ ಯಾವುದು ಹೋಯಿತು, ಯಾವುದು ಬಂತು? ಆ ಕಾಲದಲ್ಲಿ ಯಾರಾದರೂ ಇಲ್ಲಿ ನಾಲ್ಕು ಸೀಸೆ ತುಂಬಿ, ಚೀಟಿ ಅಂಟಿಸಿ, ಭದ್ರವಾಗಿ ಇಟ್ಟಿದ್ದರೆ ಇಂದು ತೆಗೆದು ನೋಡಬಹುದಿತ್ತು. ನೆಲ ಬದಲಾದ ಮೇಲೆ ಹಿಂದಿನ ನೆಲದ ಲೆಕ್ಕ ಕೊಡಬಲ್ಲದ್ದು ಆ ಸೀಸೆಯೊಂದೇ.

ಸೀಸೆಗಳು ಕೊಟ್ಟ ಲೆಕ್ಕಗಳು ಸಣ್ಣವಲ್ಲ. ಲೋಕದಾದ್ಯಂತ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರ ಎಂದಿನಿಂದ ಇದೆ ಎಂದು ಹುಡುಕಿದವರು ದಕ್ಷಿಣ ಆಫ್ರಿಕದ ಮ್ಯೂಸಿಯಂ ಸೀಸೆಗಳಿಗೆ ಕೈಹಾಕಿದರು. 1938ರ ಒಂದು ಕಪ್ಪೆಯ ಚರ್ಮದಲ್ಲೇ ಅದು ಸಿಕ್ಕಿತು. ಆ ಕಪ್ಪೆಯನ್ನು ಹಿಡಿದವನಿಗೆ ಅಂಥ ರೋಗವೊಂದು ಇದೆಯೆಂಬ ಕಲ್ಪನೆಯೂ ಇರಲಿಲ್ಲ. ನಮ್ಮ ಕಾಳಿಂಗ ಸರ್ಪದ್ದು ಇನ್ನೂ ಹತ್ತಿರದ ಕಥೆ. 1836ರಿಂದ ಏಷ್ಯಾದ ಎಲ್ಲ ಕಾಳಿಂಗಗಳೂ ಒಂದೇ ಜಾತಿ ಎಂದೇ ನಡೆದುಬಂದಿತ್ತು. ಆಗುಂಬೆ ಕಡೆಯ ಕಾಡುಗಳಲ್ಲಿ ಕಾಳಿಂಗದ ಬೆನ್ನು ಹತ್ತಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಡಿಎನ್‌ಎ ನೋಡಿ, ಮ್ಯೂಸಿಯಂಗಳಲ್ಲಿದ್ದ ಹಳೆಯ ಹಾವುಗಳ ಹುರುಪೆ, ಪಟ್ಟಿಗಳನ್ನು ಎಣಿಸಿ, ಅವು ನಾಲ್ಕು ಜಾತಿ ಎಂದು ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ 2024ರಲ್ಲಿ ಬಂದ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ನಮ್ಮ ಜನರ ಬಾಯಿಯ ಹೆಸರೇ ವಿಜ್ಞಾನದ ಹೆಸರಾಯಿತು. ಏಷ್ಯಾದ ತುಂಬ ಹರಡಿದ ಹಾವು ಎಂದುಕೊಂಡಾಗ ಕಾಣದ ಆತಂಕ, ಅದು ಘಟ್ಟದ ಸಾಲಿಗೆ ಮಾತ್ರ ಸೇರಿದ್ದು ಎಂದಾಗ ಕಾಣುತ್ತದೆ. ಕಾಡು ಉಳಿಸುವ ವಾದಕ್ಕೆ ಇದರಿಂದ ಬರುವ ಬಲ ಕಡಿಮೆಯದಲ್ಲ.

ಗದ್ದೆ ಬಿಟ್ಟು ರಸ್ತೆಗೆ ಬಂದೆವು. ಕೋಡಿ ನೋಡಿ ಹೋದ ಗಾಡಿಗಳ ಕೆಳಗೆ ಸಿಕ್ಕ ಕಪ್ಪೆಗಳು ಟಾರಿಗೆ ಅಂಟಿದ್ದವು. ತಿರುವಿನಲ್ಲಿ ಒಂದು ಹಾವು, ತಲೆ ಜಜ್ಜಿತ್ತು. ಕಪ್ಪು ಮೈ, ಬಿಳಿ ಪಟ್ಟಿ.

“ಕಟ್ಟಹಾವು ಕಣೋ ತಮ್ಮಾ, ಹತ್ರ ಹೋಗಬ್ಯಾಡ” ಎಂದರು ಸೌಡಿ.

ಹುಡುಗ ಬಗ್ಗಿ, ಕಡ್ಡಿಯಿಂದ ಹೊರಳಿಸಿ ನೋಡಿದ. “ಅಲ್ಲ ಅಜ್ಜಾ. ಬೆನ್ನಿನ ನಡುವಿನ ಹುರುಪೆ ನೋಡು, ಉಳಿದವಷ್ಟೇ ಅದಾವೆ. ಕಟ್ಟಹಾವಿಗೆ ನಡುವಿನ ಸಾಲು ದೊಡ್ಡದಿರ್ತತಿ. ಇದು ತೋಳಹಾವು, ವಿಷ ಇಲ್ಲ. ಪಾಪ, ಹಲ್ಲಿ ತಿನ್ನಾಕ ಬಂದಿತ್ತು.”

ಈ ಒಂದು ಸಾಲು ಹುರುಪೆಯ ಜ್ಞಾನ ಜೀವ ಉಳಿಸುವಂಥದ್ದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಎಲ್ಲಿ ಎಷ್ಟು ಜನರಿಗೆ ಕಡಿಯಿತು ಎಂಬ ಲೆಕ್ಕ ಇನ್ನು ಸಿಗುತ್ತದೆ. ಯಾವ ಹಾವು ಕಡಿಯಿತು ಎಂಬ ಲೆಕ್ಕ ಅದರ ಪಕ್ಕದಲ್ಲಿ ಕೂರಬೇಕಾದರೆ ತಾಲ್ಲೂಕಿನಲ್ಲಿ ಯಾವ ಯಾವ ಹಾವಿವೆ ಎಂಬ ನಂಬಬಹುದಾದ ಪಟ್ಟಿ ಬೇಕು. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆಯಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾವು ಕಡಿತದ ಔಷಧಿ ತಯಾರಿಸಲು ಬಳಸುವ ವಿಷದ ಬಹುಪಾಲು ಬರುವುದು ತಮಿಳುನಾಡಿನಿಂದ. ಹೀಗಿರುವಾಗ ಅಂಜನಾಪುರದ ನಾಲೆಬದಿಯ ಮಂಡಲದ ಹಾವು ಅಂಜನಾಪುರದ್ದೇ ಎಂದು ದಾಖಲಾಗುವುದು ರೈತನ ಜೀವಕ್ಕೆ ಸಂಬಂಧಪಟ್ಟ ವಿಷಯ.

ಮ್ಯೂಸಿಯಂಗಾಗಿ ಪ್ರಾಣಿ ಕೊಲ್ಲುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಪರೂಪದ್ದು ಎಂದು ಗೊತ್ತಿರುವ ಪ್ರಾಣಿಯನ್ನು ಸೀಸೆಗೆ ಹಾಕುವುದನ್ನು ನಾನು ಒಪ್ಪಲಾರೆ. ಅಲ್ಲಿ ಫೋಟೊ, ಕೂಗು, ಬಾಯಿಯ ಅಥವಾ ಚರ್ಮದ ಒರೆಸು ಮಾದರಿ ಸಾಕು. ಆದರೆ ಅನುಮತಿ ಪಡೆದು, ಬೆರಳೆಣಿಕೆಯಷ್ಟು ತೆಗೆದು, ನೂರು ವರ್ಷ ಕಾಪಾಡಿದರೆ ಅದು ಹಿಂಸೆಗಿಂತ ದೊಡ್ಡ ಉಪಕಾರ. ಒಂದು ಮಳೆಯ ರಾತ್ರಿಯಲ್ಲಿ ಈ ರಸ್ತೆ ಕೊಲ್ಲುವಷ್ಟನ್ನು ಸಂಶೋಧಕ ಜೀವಮಾನದಲ್ಲಿ ಮುಟ್ಟುವುದಿಲ್ಲ. ಹೀಗೆ ಸತ್ತವುಗಳೇ ಎಷ್ಟೋ ಬಾರಿ ಒಳ್ಳೆಯ ಮಾದರಿಗಳು. ಆದರೆ ರಕ್ಷಿತ ಪ್ರಾಣಿಯಾದರೆ ಸತ್ತದ್ದನ್ನು ಎತ್ತಿಕೊಂಡು ಹೋಗಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ತೋಳಹಾವಿನ ಫೋಟೊ ತೆಗೆದು, ಅದನ್ನು ದಂಡೆಯ ಪೊದೆಗೆ ಸರಿಸಿ ಮುಂದೆ ನಡೆದೆವು.

ಗದ್ದೆಯ ಕಪ್ಪೆಗೆ ರಸ್ತೆಗಿಂತ ದೊಡ್ಡ ಭಯ ಗದ್ದೆಯಲ್ಲೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯ ಪಶ್ಚಿಮಘಟ್ಟದ ಕೃಷಿಭೂಮಿಗಳಲ್ಲಿ ಸಾಧಾರಣ ಕಪ್ಪೆಗಳನ್ನು ನೋಡುತ್ತ ಹೋಗಿ, ಅಂಗ ಊನವಾದ ಕಪ್ಪೆಗಳು ಸಿಕ್ಕಿದ್ದನ್ನು 2007ರಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಇಂಥ ಕೆಲಸ ಪ್ರತಿ ಹತ್ತು ವರ್ಷಕ್ಕೊಮ್ಮೆ ಅದೇ ಗದ್ದೆಗಳಲ್ಲಿ ಮತ್ತೆ ನಡೆಯಬೇಕು. ಕಳೆನಾಶಕ ಹೊಡೆಯುವುದು ಮೆಕ್ಕೆಜೋಳದಲ್ಲೂ ಶುಂಠಿಯಲ್ಲೂ ದಿನನಿತ್ಯದ ಮಾತಾಗಿರುವಾಗ, ಇಂದಿನ ಕಪ್ಪೆಯ ಕಾಲಿನ ಮೂಳೆ, ಯಕೃತ್ತು ಹೇಗಿದೆ ಎಂದು 2050ರಲ್ಲಿ ಕೇಳುವವರಿಗೆ ಇಂದಿನ ಕಪ್ಪೆಯೇ ಸಿಗಬೇಕು. 2023ರ ಜಾಗತಿಕ ಲೆಕ್ಕದ ಪ್ರಕಾರ ಉಭಯವಾಸಿಗಳಲ್ಲಿ ನೂರಕ್ಕೆ ಸುಮಾರು 41 ಜಾತಿಗಳು ಅಳಿವಿನ ಅಂಚಿನ ಕಡೆ ಸರಿದಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಗುಂಪು ಇನ್ನೊಂದಿಲ್ಲ.

ಇಡುವುದೆಲ್ಲಿ? ಕೋಲ್ಕತ್ತದಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಇದೆ, ಪಶ್ಚಿಮಘಟ್ಟಕ್ಕೆಂದು ಅದರ ಕೇಂದ್ರ ಕೋಯಿಕ್ಕೋಡಿನಲ್ಲಿದೆ. ಮುಂಬೈಯಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಎನ್‌ಸಿಬಿಎಸ್‌ನಲ್ಲಿ, ಈಗ ಒಂದು ಅಚ್ಚುಕಟ್ಟಾದ ಸಂಶೋಧನಾ ಸಂಗ್ರಹ ಬೆಳೆಯುತ್ತಿದೆ. ಆದರೆ ಸಂಗ್ರಹ ಕಟ್ಟುವುದಕ್ಕಿಂತ ಕಾಯುವುದು ಕಷ್ಟ. ಆಲ್ಕೋಹಾಲು ಆರುತ್ತದೆ, ಮುಚ್ಚಳ ಸಡಿಲವಾಗುತ್ತದೆ, ನೋಡಿಕೊಳ್ಳುವವರು ನಿವೃತ್ತರಾದರೆ ಆ ಹುದ್ದೆ ತುಂಬುವುದಿಲ್ಲ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ತುತ್ತಾಯಿತು. ಬೆಂಕಿ ಸುದ್ದಿಯಾಗುತ್ತದೆ; ಆರಿಹೋಗುವ ಸೀಸೆ ಸುದ್ದಿಯಾಗುವುದಿಲ್ಲ. ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರದ ಕೋಣೆಯಲ್ಲೂ ಹಾವು, ಕಪ್ಪೆಗಳ ಸಾಲು ಸೀಸೆಗಳಿದ್ದವು. ಮೇಲೆ ಜಾತಿಯ ಹೆಸರು ಮಾತ್ರ. ಯಾವ ಊರು, ಯಾವ ವರ್ಷ ಎಂದು ಯಾರೂ ಬರೆದಿರಲಿಲ್ಲ. ಪಾಠಕ್ಕೆ ಸಾಕಿತ್ತು, ಲೆಕ್ಕಕ್ಕೆ ಬರಲಿಲ್ಲ.

ಊರಿನವರು ಮಾಡಬಹುದಾದ ಕೆಲಸ ಸೀಸೆಯಿಂದಲೇ ಶುರುವಾಗಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹುಡುಗನ ಫೋನಿನಲ್ಲಿ ಅವನು ಹಿಡಿದು ಬಿಟ್ಟ ಹಾವುಗಳ ಫೋಟೊ ತುಂಬಿವೆ. ನಾಗರ, ಕೇರೆ, ಮಂಡಲ, ಒಂದು ಹೆಬ್ಬಾವು. ಎಷ್ಟೋ ಚಿತ್ರಗಳು ವಾಟ್ಸಾಪಿನಲ್ಲಿ ತಿರುಗಿ ಬಂದವು; ಯಾವ ಮನೆ, ಯಾವ ದಿನ ಎಂಬುದು ಕಳಚಿಹೋಗಿದೆ. ಇನ್ನು ಮೇಲೆ ಪ್ರತಿ ಕರೆಗೂ ಊರು, ತಾರೀಕು, ಹೊತ್ತು, ಮನೆಯೋ ಬಣವೆಯೋ ತೋಟವೋ, ಬಿಟ್ಟ ಜಾಗ, ಇಷ್ಟನ್ನು ಬರೆದಿಡು, ಮೂಲ ಫೋಟೊ ಅಳಿಸಬೇಡ ಎಂದೆ. ಪಂಚಾಯಿತಿಯ ದಾಖಲಾತಿಗೆ ಒಂದು ಪ್ರತಿ, ಶಂಕರಘಟ್ಟಕ್ಕೆ ಒಂದು ಪ್ರತಿ. ಅವನು ನನ್ನ ಪುಸ್ತಕದ ಹಿಂದಿನ ಹಾಳೆ ಕೇಳಿ ಹರಿದುಕೊಂಡು, ತೋಳಹಾವಿನಿಂದಲೇ ಶುರು ಮಾಡಿದ.

ಸೌಡಿ ಅಷ್ಟರಲ್ಲಿ ನನ್ನ ಪಟ್ಟಿ ನೋಡಿ ತಲೆಯಾಡಿಸಿದರು. “ಇದು ಪುಷ್ಯ ಮಳೆ ಕಪ್ಪೆ ಸಾಮಿ, ಅರ್ಧ ಲೆಕ್ಕ. ರೋಹಿಣಿ ಮಳೆಗೆ ಬರ್ರಿ. ನೆಲ ಬಿರಿದು ಎದ್ದು ಬರೋ ಗುಂಡುಗಪ್ಪೆ ಬ್ಯಾರೆನೇ ಅದಾವೆ, ಎರಡು ದಿನ ಕೂಗಿ ಮತ್ತೆ ಮಣ್ಣು ಸೇರ್ತವೆ. ನಾಲೆ ನಿಲ್ಲಿಸಿದ ಮ್ಯಾಲೆ ಗುಂಡಿ ನೀರಾಗಿರೋವು ಇನ್ನೊಂದು ತರ. ಆಮೆ ನೋಡಬೇಕಂದ್ರೆ ನೀರು ಇಳೀಬೇಕು.” ತಾರೀಕಿನ ಪಕ್ಕದಲ್ಲಿ ಮಳೆಯ ಹೆಸರಿಗೂ ಒಂದು ಖಾನೆ ಗೆರೆ ಎಳೆದು, ಅವರು ಹೇಳುತ್ತಾ ಹೋದಂತೆ ರೋಹಿಣಿಯಿಂದ ಸ್ವಾತಿಯವರೆಗೆ ಬರೆದುಕೊಂಡೆ.